ಹಸು ನೋಡುವ ಮುಂಚೆ ಅದನ್ನು ಸಾಕಿದ ಮನೆ ನೋಡು

ಸಂಘದ ಸಾಲ ಮಂಜೂರಾಗಿದೆ, ಒಂದು ಸೀಮೆ ಹಸು ಕಟ್ಟಬೇಕು, ಚಿಂತಾಮಣಿ ಸಂತೆಗೆ ಹೋಗಲೋ ಘಾಟಿ ಜಾತ್ರೆಯವರೆಗೂ ಕಾಯಲೋ ಅಂತ ಕೇಳಿದೆಯಲ್ಲಮ್ಮಾ, ನನ್ನ ಮಾತು ಕೇಳುವುದಾದರೆ ಮೊದಲನೆಯ ಹಸುವನ್ನು ಎರಡೂ ಕಡೆ ಕೊಳ್ಳಬೇಡ. ಅದು ಹುಟ್ಟಿ ಬೆಳೆದ ಕೊಟ್ಟಿಗೆಗೆ ಹೋಗಿ ಕೊಂಡು ತಾ.

ಸಂತೆಯಲ್ಲಿ ನಿಂತ ಹಸುವಿನ ಮೈ ನೋಡಿದರೆ ಆವತ್ತಿನ ಸ್ಥಿತಿ ಮಾತ್ರ ಕಾಣುತ್ತದೆ. ಹುಟ್ಟಿದ ದಿನ ಹೊಟ್ಟೆ ತುಂಬಾ ಗಿಣ್ಣುಹಾಲು ಕುಡಿಯಿತೋ ಇಲ್ಲವೋ, ಕರುವಾಗಿದ್ದಾಗ ಬೇಧಿಯಿಂದ ಸೊರಗಿತ್ತೋ, ತೂಕ ಬರುವ ಮುಂಚೆಯೇ ಗಬ್ಬ ಕಟ್ಟಿಸಿದರೋ, ಹೋದ ಸೂಲಿನಲ್ಲಿ ಕೆಚ್ಚಲು ಬಾವು ಬಂದಿತ್ತೋ, ಒಂದು ಸಲ ಕಂದು ಹಾಕಿತ್ತೋ, ಇದು ಯಾವುದೂ ತೊಗಲಿನ ಮೇಲೆ ಬರೆದಿರುವುದಿಲ್ಲ. ಸಾಕಿದವರಿಗೆ ಮಾತ್ರ ಗೊತ್ತಿರುತ್ತದೆ. ಅದನ್ನು ಮುಚ್ಚಿಡದೆ ಹೇಳುವವರು ಸಿಕ್ಕಿದರೆ ನಿನ್ನ ಹುಡುಕಾಟ ಅರ್ಧ ಮುಗಿದ ಹಾಗೆ.

ನಮ್ಮ ಸೀಮೆಯ ಬದುಕು ನಿನಗೆ ಗೊತ್ತಿಲ್ಲದ್ದಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಪಕ್ಕದಲ್ಲಿ ಹಾಯುವ ಉತ್ತರ ಪಿನಾಕಿನಿಯಲ್ಲಿ ವರ್ಷದ ಬಹುಪಾಲು ಮರಳೇ ಕಾಣುವುದು. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಇಂಥ ಕಡೆ ಸಂಸಾರಗಳನ್ನು ಹಿಡಿದು ನಿಲ್ಲಿಸಿರುವುದು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ರೇಷ್ಮೆ ಗೂಡು, ಊರ ಡೇರಿಗೆ ಹೋಗುವ ಹಾಲು. ಗೂಡಿನ ರೇಟು ಇವತ್ತು ಏರಿ ನಾಳೆ ಇಳಿಯುತ್ತದೆ. ಟೊಮೆಟೊ ನಂಬಿ ಸಾಲ ತೀರಿಸುತ್ತೇನೆ ಅನ್ನಲು ಯಾರಿಗೂ ಧೈರ್ಯವಿಲ್ಲ. ಡೇರಿ ಬಟವಾಡೆ ಮಾತ್ರ ತಪ್ಪದೆ ಬರುತ್ತದೆ. ಮಕ್ಕಳ ಫೀಸು, ಸಂಘದ ಕಂತು, ದಿನಸಿ ಅಂಗಡಿಯ ಬಾಕಿ ಎಲ್ಲ ಅದರಿಂದಲೇ ತೀರುತ್ತದೆ. ಹಸು ಕೈಕೊಟ್ಟರೆ ಹಾಲಿನ ಜೊತೆಗೆ ಕಂತೂ ನಿಲ್ಲುತ್ತದೆ. ಅದಕ್ಕೇ ಕೊಳ್ಳುವಾಗ ಇಷ್ಟು ಎಚ್ಚರ ಬೇಕು ಅನ್ನುತ್ತಿರುವುದು.

ಈ ಕಪ್ಪು-ಬಿಳಿ ಸೀಮೆ ಹಸುಗಳು ನಮ್ಮಲ್ಲಿಗೆ ಹೇಗೆ ಬಂದವು ಅನ್ನುವುದೂ ನಿನಗೆ ಗೊತ್ತಿರಲಿ. ನಮ್ಮ ಹಿರಿಯರ ಮನೆಗಳಲ್ಲಿ ಇದ್ದದ್ದು ಹಳ್ಳಿಕಾರ್ ಮತ್ತು ನಾಟಿ ಹಸುಗಳು. ಉಳುಮೆಗೆ ಎತ್ತು ಕೊಡುತ್ತಿದ್ದವು, ಮನೆಗಾಗುವಷ್ಟು ಹಾಲು ಕೊಡುತ್ತಿದ್ದವು. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಕೆಲಸ ಶುರುವಾಗಿ, 1969ರಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಬಂತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಲ್ಲಿ ಕೂತು ಒಳ್ಳೆಯ ಹೋರಿಗಳ ವೀರ್ಯ ಹಳ್ಳಿಹಳ್ಳಿಗೆ ತಲುಪಿತು. ಆಮೇಲೆ ಊರೂರಿಗೂ ಹಾಲಿನ ಸಂಘ ಬಂದು ಹಾಲಿಗೆ ಖಾತ್ರಿಯಾದ ಮಾರುಕಟ್ಟೆ ಸಿಕ್ಕಿತು. ಹೀಗೆ ನಾಲ್ಕೈದು ತಲೆಮಾರು ಕರು ಹಾಕಿಸಿ, ಹೆಣ್ಣು ಕರುಗಳನ್ನು ಉಳಿಸಿಕೊಂಡು, ತಳಿ ಕಟ್ಟಿದವರು ನಮ್ಮ ಮನೆಗಳ ಹೆಂಗಸರು, ಗಂಡಸರು. ಇವತ್ತು ಚಿಂತಾಮಣಿ ಕಡೆಯ ಹಸು ಬೇಕು ಅಂತ ಹೊರಗಿನಿಂದ ಜನ ಹುಡುಕಿಕೊಂಡು ಬರುವುದು ಆ ದುಡಿಮೆಯ ಫಲ.

ಬೇಡಿಕೆ ಬಂದ ಕಡೆ ಅವಸರವೂ ಬರುತ್ತದೆ. ಈಗ ಹಸು ಮಾರುವವರಲ್ಲಿ ಮೂರು ಬಗೆ ಕಾಣುತ್ತೇನೆ. ತಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಕಡಸನ್ನು ಬೆಳೆಸಿ ಮಾರುವವರು ಒಂದು ಬಗೆ. ಅಲ್ಲಿ ಇಲ್ಲಿ ಹಸು ಕೊಂಡು ತಂದು, ಒಂದು ತಿಂಗಳು ಮೇಯಿಸಿ, ಮೈ ತುಂಬಿಸಿ ಮಾರುವವರು ಇನ್ನೊಂದು. ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ ಕಮಿಷನ್ ತೆಗೆದುಕೊಳ್ಳುವ ದಳ್ಳಾಳಿಗಳು ಮೂರನೆಯವರು. ವ್ಯಾಪಾರ ಮಾಡುವವರೆಲ್ಲ ಮೋಸಗಾರರು ಅನ್ನುವುದು ತಪ್ಪು. ಮಾತಿಗೆ ನಿಲ್ಲುವ ದಳ್ಳಾಳಿಗಳೂ ಇದ್ದಾರೆ. ಆದರೆ ಅವರು ಎಷ್ಟೇ ಪ್ರಾಮಾಣಿಕರಾದರೂ ಆ ಹಸುವಿನ ಮೊದಲ ಎರಡು ವರ್ಷ ಅವರು ಕಂಡದ್ದಲ್ಲ. ನಿನಗೆ ಬೇಕಾಗಿರುವುದು ಆ ಎರಡು ವರ್ಷದ ಲೆಕ್ಕ.

ಆ ಲೆಕ್ಕ ಕೊಡಬಲ್ಲ ಮನೆ ಹುಡುಕಲು ಬೋರ್ಡು ನೋಡಬೇಕಾಗಿಲ್ಲ. ಡೇರಿ ಕಾರ್ಯದರ್ಶಿಯನ್ನು ಕೇಳು, ಊರೂರು ಸುತ್ತಿ ಇಂಜೆಕ್ಷನ್ ಕೊಡುವ ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ಕೇಳು. ಯಾರ ಮನೆಯ ಹಾಲು ವರ್ಷವಿಡೀ ಒಂದೇ ಹದದಲ್ಲಿ ಬರುತ್ತದೆ, ಯಾರ ಕರುಗಳು ಸಾಯುವುದಿಲ್ಲ, ಯಾರು ಮೊದಲ ಬೆದೆಗೇ ಅವಸರ ಪಡುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ನಾಲ್ಕೋ ಆರೋ ಹಸು ಇಟ್ಟುಕೊಂಡು ವರ್ಷಕ್ಕೆ ಒಂದೆರಡು ಕಡಸು ಮಾತ್ರ ಮಾರುವ ಮನೆಗಳೇ ನಿನಗೆ ಹೊಂದುತ್ತವೆ.

ಮನೆ ಸಿಕ್ಕಿದ ಮೇಲೆ ಹೋಗುವ ಹೊತ್ತು ಮುಖ್ಯ. ಹಾಲು ಕರೆಯುವ ಹೊತ್ತಿಗೆ ಹೋಗು. ಒಳಗೆ ಬರಬೇಡಿ, ಹಸು ಹೊರಗೆ ಹಿಡಿದು ತರುತ್ತೇವೆ ಅಂದರೆ ಅಲ್ಲಿಂದಲೇ ವಾಪಸ್ಸು ಬಾ. ಬರಮಾಡಿಕೊಂಡರೆ ಮಾರುವ ಹಸುವಿನ ಹತ್ತಿರ ಹೋಗುವ ಮುಂಚೆ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿರುವ ಕರುಗಳ ಹತ್ತಿರ ಹೋಗು. ಕರು ಇವತ್ತು ಲೀಟರು ಕೊಡುವುದಿಲ್ಲ. ಆದ್ದರಿಂದ ಅದಕ್ಕೆ ಸಿಗುವ ಆರೈಕೆಯಲ್ಲಿ ಸಾಕುವವರ ಸ್ವಭಾವ ಗೊತ್ತಾಗುತ್ತದೆ. ಕಾಲ ಕೆಳಗೆ ಒಣ ರಾಗಿ ಹುಲ್ಲು ಇದೆಯೋ ಗಂಜಲ ನಿಂತಿದೆಯೋ ನೋಡು. ಬಾಲದ ಬುಡ ಶುಭ್ರವಾಗಿದೆಯೋ, ಬೇಧಿಯಾಗಿ ಅಂಟಿದೆಯೋ ನೋಡು. ಕೂದಲು ಒರಟಾಗಿ ಎದ್ದು ನಿಂತು, ಹೊಟ್ಟೆ ಜೋತು, ಬೆನ್ನುಮೂಳೆ ಕಾಣುತ್ತಿದ್ದರೆ ಹೊಟ್ಟೆಯಲ್ಲಿ ಹುಳ ಇದೆ, ಔಷಧಿ ಹಾಕಿಲ್ಲ ಅಂತ ಅರ್ಥ. ಕಿವಿಯ ಒಳಗೆ, ತೊಡೆಸಂದಿಯಲ್ಲಿ ಬೆರಳಾಡಿಸಿ ಉಣ್ಣೆ ಹುಡುಕು. ಗಂಡು ಕರು ಇದ್ದರೆ ಅದನ್ನೂ ನೋಡು. ಗಂಡು ಹುಟ್ಟಿತು ಅಂತ ಹಾಲಿಲ್ಲದೆ ಒಣಗಿಸಿ ಕಟ್ಟಿಹಾಕಿದ್ದರೆ, ನಾಳೆ ನಿನಗೆ ಮಾರುವ ಹಸುವಿಗೂ ಲಾಭ ಕಾಣದ ದಿನಗಳಲ್ಲಿ ಅವರು ಹೀಗೇ ಮಾಡಿರುತ್ತಾರೆ.

ಕರು ಹುಟ್ಟಿದಾಗ ಏನು ಮಾಡುತ್ತೀರಿ ಅಂತ ಮನೆಯ ಹೆಂಗಸರನ್ನೇ ಕೇಳು. ಕೊಟ್ಟಿಗೆಯ ಕೆಲಸ ಹೆಚ್ಚಾಗಿ ಅವರದೇ. ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸುತ್ತೇವೆ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುತ್ತೇವೆ ಅಂದರೆ ಅದು ಬಲ್ಲವರ ಮಾತು. ಕರುವಿನ ತೂಕದ ಹತ್ತರಲ್ಲಿ ಒಂದು ಭಾಗ, ಅಂದರೆ 30 ಕೆ.ಜಿ. ಕರುವಿಗೆ 3 ಲೀಟರಿನಷ್ಟು ಗಿಣ್ಣು ಮೊದಲ ದಿನವೇ ಹೊಟ್ಟೆ ಸೇರಬೇಕು. ಕರುವಿಗೆ ರೋಗ ತಡೆಯುವ ಶಕ್ತಿ ತಾಯಿಯ ಗರ್ಭದಲ್ಲಿ ರಕ್ತದ ಮೂಲಕ ದಾಟುವುದಿಲ್ಲ. ಗಿಣ್ಣಿನಿಂದಲೇ ಬರಬೇಕು, ಅದೂ ಹುಟ್ಟಿದ ದಿನವೇ. ಆಮೇಲೆ ಎಷ್ಟು ಬೂಸಾ ಇಟ್ಟರೂ ಆ ಹೊತ್ತು ತಿರುಗಿ ಬರುವುದಿಲ್ಲ.

ಕರುಗಳಾದ ಮೇಲೆ ತಾಯಿಯನ್ನು ತೋರಿಸಲು ಹೇಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುವುದು ರೇಷ್ಮೆ ಸೀಮೆಯಲ್ಲಿ ಹುಟ್ಟಿದ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ಕೆಚ್ಚಲು ಹೊಟ್ಟೆಗೆ ಅಂಟಿಕೊಂಡಿದೆಯೋ, ಮೊಣಕಾಲಿಗಿಂತ ಕೆಳಗೆ ಜೋತಿದೆಯೋ, ಗೊರಸು ನೆಟ್ಟಗಿದೆಯೋ, ಕರೆಯುವಾಗ ಒದೆಯುತ್ತದೆಯೋ, ಎಷ್ಟನೇ ಸೂಲಿನಲ್ಲಿದೆ, ಎರಡು ಸೂಲಿನ ನಡುವೆ ಎಷ್ಟು ತಿಂಗಳು ಹೋಯಿತು ಎಲ್ಲ ವಿಚಾರಿಸು. ಹದಿಮೂರು, ಹದಿನಾಲ್ಕು ತಿಂಗಳಿಗೊಮ್ಮೆ ಕರು ಹಾಕುತ್ತಾ ನಾಲ್ಕೈದು ಸೂಲು ಕಂಡಿರುವ ತಾಯಿ ಆ ಮನೆಯ ಅತಿ ದೊಡ್ಡ ಸಾಕ್ಷಿ. ಒಂದೇ ಸೂಲಿನಲ್ಲಿ ದಿನಕ್ಕೆ 25 ಲೀಟರು ಕೊಟ್ಟು ಎರಡನೆಯದರಲ್ಲಿ ಬಿದ್ದ ತಾಯಿಯ ಮಗಳಿಗಿಂತ, ವರ್ಷವರ್ಷವೂ 12 ಲೀಟರು ಕೊಡುವ ತಾಯಿಯ ಮಗಳು ನಿನ್ನ ಮನೆ ನಡೆಸುತ್ತಾಳೆ.

ಇನ್ನು ತಂದೆಯ ವಿಚಾರ. ಕುಣಿಗಲ್‌ನ ಕುದುರೆ ಫಾರಂ ಹೆಸರು ಕೇಳಿದ್ದೀಯ. ಟಿಪ್ಪು ಕಾಲದಿಂದ ಹೆಸರಾದ ಜಾಗ. ರೇಸಿನ ಕುದುರೆ ಮರಿಗೆ ತಾಯಿ ಯಾರು, ತಂದೆ ಯಾರು ಅನ್ನುವುದು ದಾಖಲೆಗೆ ಏರದೆ ಇದ್ದರೆ ಆ ಕುದುರೆ ರೇಸಿಗೇ ಇಳಿಯುವಂತಿಲ್ಲ. ನಮ್ಮ ಹಸುವಿಗೂ ಅಂಥ ವಂಶಾವಳಿ ಇಡುವುದು ಕಷ್ಟವೇನಲ್ಲ. ಇಂಜೆಕ್ಷನ್ನಿಗೆ ಬಳಸುವ ವೀರ್ಯದ ಕಡ್ಡಿಯ ಮೇಲೆ ಹೋರಿಯ ನಂಬರು, ತಳಿ, ತಯಾರಾದ ಜಾಗ ಅಚ್ಚಾಗಿರುತ್ತದೆ. ಜವಾಬ್ದಾರಿಯುಳ್ಳವರು ಆ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಾರೆ. ಕೆಲವರು ಕಡ್ಡಿಯನ್ನೇ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಾರೆ. ನಂಬರು ಯಾಕೆ ಬೇಕು ಅಂದರೆ, ತಂದೆ ಯಾರೆಂದು ಗೊತ್ತಿಲ್ಲದಿದ್ದರೆ ನಾಳೆ ಅದೇ ಹೋರಿಯ ವೀರ್ಯವನ್ನು ಅದರ ಮಗಳಿಗೇ ಹಾಕಿಸಿಬಿಡುತ್ತೇವೆ. ಹಾಗೆ ಹತ್ತಿರದ ರಕ್ತ ಕೂಡಿದಾಗ ಕರು ಬಡಕಲಾಗುತ್ತದೆ, ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ, ಹಾಲೂ ಇಳಿಯುತ್ತದೆ. ಊರಲ್ಲಿ ಬಿಟ್ಟ ಯಾವುದೋ ಹೋರಿಗೆ ಕೊಡಿಸಿದೆವು ಅಂದರೆ ರೋಗದ ಭಯವೂ ಸೇರುತ್ತದೆ.

ಒಂದು ಪ್ರಶ್ನೆಯನ್ನು ಮರೆಯದೆ ಕೇಳು: ಈ ಕಡಸು ಅವಳಿಯಾಗಿ ಹುಟ್ಟಿದ್ದೇ? ಗಂಡು ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರುಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಬಂಜೆಯಾಗಿರುತ್ತವೆ. ಗರ್ಭದಲ್ಲಿ ಎರಡರ ರಕ್ತನಾಳಗಳು ಕೂಡಿ, ಗಂಡಿನ ಹಾರ್ಮೋನು ಹೆಣ್ಣಿನ ಗರ್ಭಕೋಶವನ್ನು ಬೆಳೆಯಲು ಬಿಡುವುದಿಲ್ಲ. ನೋಡಲು ಅಂಥ ಕಡಸು ಲಕ್ಷಣವಾಗಿ, ಮೈ ತುಂಬಿಕೊಂಡು ಇರುತ್ತದೆ. ಕೊಂಡವರು ಬೆದೆಗೆ ಬರಲಿ ಅಂತ ವರ್ಷಗಟ್ಟಲೆ ಕಾಯುತ್ತಾರೆ. ಸಂತೆಯಲ್ಲಿ ಇದನ್ನು ಹೇಳುವವರು ಯಾರೂ ಇರುವುದಿಲ್ಲ. ಮನೆಯಲ್ಲಾದರೆ ಪಕ್ಕದ ಮನೆಯವರಿಗೂ ಗೊತ್ತಿರುತ್ತದೆ.

ವಯಸ್ಸಿಗೆ ಹಲ್ಲು ನೋಡು. ಒಬ್ಬರು ತಲೆ ಹಿಡಿದುಕೊಳ್ಳಲಿ, ನೀನು ಕೆಳದುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆ ಒತ್ತು. ಹಸುವಿಗೆ ಮುಂದಿನ ಹಲ್ಲು ಕೆಳಗೆ ಮಾತ್ರ, ಎಂಟು. ಸಣ್ಣಗೆ, ಬೆಳ್ಳಗೆ, ಒಂದೇ ಸಮ ಇದ್ದರೆ ಹಾಲುಹಲ್ಲು. ನಡುವಿನ ಎರಡು ಅಗಲವಾಗಿ ಬಂದಿದ್ದರೆ ಎರಡು ವರ್ಷದ ಆಸುಪಾಸು. ನಾಲ್ಕಾದರೆ ಎರಡೂವರೆಯಿಂದ ಮೂರು, ಆರಾದರೆ ಮೂರರಿಂದ ಮೂರೂವರೆ, ಎಂಟೂ ಬಂದು ಬಾಯಿ ಕೂಡಿದ್ದರೆ ನಾಲ್ಕು ದಾಟಿದೆ. ಮೊದಲ ಸೂಲಿನ ಗಬ್ಬದ ಕಡಸು ಅಂತ ಹೇಳಿ ಬಾಯಿ ಕೂಡಿದ ಹಸು ತೋರಿಸಿದರೆ, ನಡುವಿನ ವರ್ಷಗಳಲ್ಲಿ ಏನಾಯಿತು ಅಂತ ಕೇಳಬೇಕು. ಹಾಲುಹಲ್ಲೇ ಇರುವ, ತೂಕ ಬರದ ಕಡಸಿಗೆ ಗಬ್ಬ ಕಟ್ಟಿಸಿದ್ದರೆ ಅದೂ ತಪ್ಪೇ. ಮಿಶ್ರತಳಿ ಕಡಸು ಸುಮಾರು 250 ಕೆ.ಜಿ. ತೂಗುವವರೆಗೂ ಇಂಜೆಕ್ಷನ್ ಕೊಡಿಸಬಾರದು. ಮೊದಲ ಬೆದೆಗೇ ಕೊಡಿಸಿದರೆ ಹೆರಿಗೆ ಕಷ್ಟ, ಮೈ ಬೆಳೆಯುವುದು ನಿಲ್ಲುತ್ತದೆ, ಮೊದಲ ಸೂಲಿನ ಹಾಲಿನಲ್ಲೇ ಹಸು ಸೋತುಹೋಗುತ್ತದೆ. ಎದೆಯ ಸುತ್ತಳತೆಗೆ ಟೇಪು ಹಿಡಿದು ತೂಕ ಅಂದಾಜು ಮಾಡಿ ಕಾಯುವ ಮನೆ ಸಿಕ್ಕಿದರೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗಬ್ಬದ ಮಾತನ್ನು ಬಾಯಿ ಮಾತಿನಲ್ಲಿ ಬಿಡಬೇಡ. ಇಂಜೆಕ್ಷನ್ ಕೊಡಿಸಿದ ತಾರೀಖು ಕೇಳಿ ಬರೆದುಕೋ. ಒಂಬತ್ತು ತಿಂಗಳು ಹತ್ತು ದಿನ ಕೂಡಿಸಿದರೆ ಹೆರಿಗೆಯ ದಿನ ಸಿಗುತ್ತದೆ. ಪಶುವೈದ್ಯರು ಕೈ ಹಾಕಿ ನೋಡಿದರೆ ಎರಡು ಮೂರು ತಿಂಗಳಿಗೆಲ್ಲ ಖಚಿತವಾಗಿ ಹೇಳುತ್ತಾರೆ. ಆ ವೈದ್ಯರು ಮಾರುವವರು ಕರೆತಂದವರಾಗಿರಬಾರದು, ನೀನು ಕರೆದುಕೊಂಡು ಹೋದವರಾಗಿರಬೇಕು. ಅವರಿಗೆ ಕೊಡುವ ಫೀಸು ಇಡೀ ವ್ಯಾಪಾರದಲ್ಲಿ ಅತಿ ಕಡಿಮೆ ಖರ್ಚು, ಅತಿ ಹೆಚ್ಚು ಉಪಯೋಗ.

ಕರೆಯುವ ಹಸುವನ್ನೇ ಕೊಳ್ಳುವುದಾದರೆ ಹಾಲನ್ನು ಕಣ್ಣಾರೆ ಅಳೆ. ಒಂದು ಹೊತ್ತು ಕರೆಯದೆ ಬಿಟ್ಟರೆ ಯಾವ ಕೆಚ್ಚಲೂ ತುಂಬಿ ಬಿಗಿದು ಕಾಣುತ್ತದೆ. ಆದ್ದರಿಂದ ಮೊದಲ ಸಂಜೆ ಪೂರ್ತಿ ಕರೆಸಿ, ಆ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಡ. ಮಾರನೆಯ ಬೆಳಗ್ಗೆ ಮತ್ತು ಸಂಜೆ ಕರೆದದ್ದನ್ನು ಕೂಡಿಸು. ಅದೇ ಆ ಹಸುವಿನ ದಿನದ ಹಾಲು. ಕರೆಯುವ ಮುಂಚೆ ಹಾಲು ಬರಿಸಲು ಇಂಜೆಕ್ಷನ್ ಚುಚ್ಚುತ್ತಾರೋ ಅಂತಲೂ ಕಣ್ಣಿಟ್ಟಿರು. ನಾಲ್ಕು ತೊಟ್ಟಿನಿಂದಲೂ ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಬೇರೆ ಬೇರೆಯಾಗಿ ಹಿಂಡಿಸು. ಚೂರು, ಹೆಪ್ಪು, ನೀರು ನೀರಾದ ಹಾಲು, ರಕ್ತದ ಎಳೆ ಕಂಡರೆ ಕೆಚ್ಚಲು ಬಾವು. ಕಣ್ಣಿಗೆ ಕಾಣದ ಬಾವೂ ಇರುತ್ತದೆ. ವೈದ್ಯರು ಹಾಲಿಗೆ ಒಂದು ದ್ರಾವಣ ಬೆರೆಸಿ ತಿರುಗಿಸುತ್ತಾರೆ, ಲೋಳೆಯ ಹಾಗೆ ಗಟ್ಟಿಯಾದರೆ ಆ ಭಾಗಕ್ಕೆ ಸೋಂಕಿದೆ. ಕರೆದು ಮುಗಿದ ಮೇಲೆ ಕೆಚ್ಚಲನ್ನು ಅಂಗೈಯಿಂದ ಒತ್ತಿ ನೋಡು. ಖಾಲಿಯಾದ ಮೇಲೆ ಮೆತ್ತಗೆ ಕುಗ್ಗಬೇಕು. ಒಳಗೆ ಗಂಟು ಸಿಕ್ಕಿದರೆ ಅದು ಹಳೆಯ ಬಾವಿನ ಗುರುತು.

ನಮ್ಮ ಕಡೆ ಇನ್ನೊಂದು ಅನುಕೂಲ ಇದೆ. ಡೇರಿಗೆ ಹಾಕಿದ ಹಾಲಿನ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಿನಕ್ಕೆ ಎರಡು ಹೊತ್ತೂ ದಾಖಲಾಗುತ್ತದೆ. ಆ ಮನೆಯ ಹಾಲಿನ ಪುಸ್ತಕ ಅಥವಾ ಚೀಟಿಗಳನ್ನು ತೋರಿಸಲು ಕೇಳು. ಕರೆಯುವ ಹಸು ಎಷ್ಟಿವೆ, ಮನೆಗೆ ಎಷ್ಟು ಇಟ್ಟುಕೊಳ್ಳುತ್ತಾರೆ ಅಂತ ತಿಳಿದು ಲೆಕ್ಕ ಹಾಕಿದರೆ ಇವರು ಹೇಳುವ ಲೀಟರು ನಿಜವೋ ಅಲ್ಲವೋ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಯತ್ತಾಗಿ ಸಾಕುವವರು ಇದನ್ನು ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ, ಸಂತೋಷದಿಂದ ತೆಗೆದು ಮುಂದಿಡುತ್ತಾರೆ.

ರೋಗದ ವಿಚಾರದಲ್ಲಿ ಸಂಕೋಚ ಬೇಡ. ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇರಬೇಕು. ಆ ನಂಬರು ಹಿಡಿದು ಪಶು ಆಸ್ಪತ್ರೆಯಲ್ಲಿ ಕೇಳಿದರೆ ಲಸಿಕೆಯ ವಿವರ ಸಿಗುತ್ತದೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಆಗಿರಬೇಕು. ಕಂದು ರೋಗದ ಲಸಿಕೆಯನ್ನು ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ, ಜೀವಮಾನದಲ್ಲಿ ಒಂದೇ ಸಲ ಹಾಕುವುದು; ಆ ವಯಸ್ಸು ದಾಟಿದರೆ ಹಾಕುವಂತಿಲ್ಲ. ಎರಡೂ ರೋಗಗಳಿಗೆ 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಲಸಿಕೆ ಪುಕ್ಕಟೆ ಸಿಗುತ್ತಿರುವಾಗ ಹಾಕಿಸದೆ ಇರುವುದಕ್ಕೆ ನೆಪವೇ ಇಲ್ಲ. ಕಂದು ರೋಗ ಹಸುವಿಗೆ ಮಾತ್ರ ಬರುವುದಲ್ಲಮ್ಮಾ. ಬಿದ್ದ ಕಂದು, ಸತ್ತೆ ಮುಟ್ಟಿದ ಕೈಯಿಂದ, ಕಾಯಿಸದ ಹಾಲಿನಿಂದ ಮನುಷ್ಯರಿಗೂ ದಾಟಿ, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು ತರುತ್ತದೆ. ಕೊಟ್ಟಿಗೆಯಲ್ಲಿ ದುಡಿಯುವವಳು ನೀನು. ದೊಡ್ಡ ಹಸು ಕೊಳ್ಳುವಾಗ ರಕ್ತ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ಮೇಲೆ ಹಣ ಕೊಡುತ್ತೇನೆ ಅನ್ನು. ಸರಿ ಅನ್ನುವವರೇ ಒಳ್ಳೆಯ ಸಾಕಣೆದಾರರು.

2022ರಲ್ಲಿ ಚರ್ಮಗಂಟು ರೋಗ ಹಬ್ಬಿದ್ದು ನೆನಪಿದೆಯಲ್ಲ. ಮೈ ತುಂಬಾ ಗಂಟೆದ್ದು, ಕಾಲು ಬಾತು, ಎಷ್ಟೋ ಮನೆಯ ಹಸು ಕರುಗಳು ಸತ್ತವು. ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ನಾನಾ ಊರಿನ ದನ ಒಂದೇ ಬಯಲಿನಲ್ಲಿ ಸೇರಿ, ಮತ್ತೆ ನಾನಾ ಊರಿಗೆ ಚದುರಿದರೆ ರೋಗವೂ ಅದೇ ದಾರಿಯಲ್ಲಿ ಹೋಗುತ್ತದೆ. ಮನೆಯಿಂದ ಮನೆಗೆ ಕೊಳ್ಳು ಅನ್ನುವುದಕ್ಕೆ ಇದೂ ಒಂದು ಕಾರಣ. ಉಣ್ಣೆಯಿಂದ ಹರಡುವ ಥೈಲೇರಿಯಾ ಜ್ವರವೂ ನಾಟಿ ಹಸುವಿಗಿಂತ ಸೀಮೆ ಹಸುವನ್ನು ಹೆಚ್ಚು ಕಾಡುತ್ತದೆ.

ಇಷ್ಟೆಲ್ಲ ನೀನು ಕೇಳಿದ ಮೇಲೆ, ಅವರು ನಿನ್ನನ್ನು ಏನು ಕೇಳುತ್ತಾರೆ ಅಂತ ಗಮನಿಸು. ನನ್ನ ಪ್ರಕಾರ ಅತಿ ದೊಡ್ಡ ಪರೀಕ್ಷೆ ಇದೇ. ನೀರು ಎಲ್ಲಿಂದ, ಬೇಸಿಗೆಯಲ್ಲಿ ಹೇಗೆ? ಹಾಲು ಕೊಡುವ ಸೀಮೆ ಹಸುವಿಗೆ ದಿನಕ್ಕೆ 80ರಿಂದ 100 ಲೀಟರು ನೀರು ಬೇಕು. ಹಸಿ ಮೇವು ಎಷ್ಟು ಗುಂಟೆಯಲ್ಲಿದೆ? ಕೊಟ್ಟಿಗೆಗೆ ಗಾಳಿ ಆಡುತ್ತದೆಯೇ, ನೆಲಕ್ಕೆ ಏನು ಹಾಸಿದ್ದೀರಿ? ನೀನು ಊರಿಗೆ ಹೋದರೆ ಕರೆಯುವವರು ಯಾರು? ಹತ್ತಿರದ ಪಶು ಆಸ್ಪತ್ರೆ ಎಷ್ಟು ದೂರ? ಹೀಗೆ ಕೇಳುವವರಿಗೆ ತಮ್ಮ ಕಡಸು ಎಲ್ಲಿಗೆ ಹೋಗುತ್ತದೆ ಅನ್ನುವ ಕಾಳಜಿ ಇದೆ. ಹಣ ಎಣಿಸಿಕೊಂಡು ಹಗ್ಗ ಕೊಟ್ಟರೆ ಸಾಕು ಅನ್ನುವವರು ನಾಳೆ ಫೋನ್ ಎತ್ತುವುದಿಲ್ಲ.

ಒಳ್ಳೆಯವರು ಕೆಲವಕ್ಕೆ ಇಲ್ಲ ಅನ್ನುತ್ತಾರೆ. ಇನ್ನೇನು ಕರು ಹಾಕುವ ಹಸುವನ್ನು ಲಾರಿ ಹತ್ತಿಸಲು ಒಪ್ಪುವುದಿಲ್ಲ. ಹಾಲು ಬಿಡದ ಕರುವನ್ನು ತಾಯಿಯಿಂದ ಕಿತ್ತು ಮಾರುವುದಿಲ್ಲ. ನಿನ್ನ ಹತ್ತಿರ ನೀರಾವರಿ ಮೇವಿಲ್ಲ ಅಂತ ಗೊತ್ತಾದರೆ, 20 ಲೀಟರಿನ ಈ ಹಸು ನಿನಗೆ ಬೇಡಮ್ಮಾ, ಬಿಸಿಲಿಗೆ ಬಾಯಿ ಬಿಟ್ಟು ಸೊರಗುತ್ತದೆ, ಸಣ್ಣ ಮೈಯಿನ ಜರ್ಸಿ ಮಿಶ್ರತಳಿ ನೋಡು ಅಂತ ನೇರವಾಗಿ ಹೇಳುತ್ತಾರೆ. ವ್ಯಾಪಾರ ಬಿಟ್ಟುಕೊಟ್ಟು ಇಂಥ ಮಾತು ಹೇಳುವ ಮನೆ ಸಿಕ್ಕಿದರೆ ಆ ಮನೆಯ ನಂಟು ಬಿಡಬೇಡ. ಅವರ ಮಾತು ನಿಜವೂ ಹೌದು. ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಬೆಳೆಯುವವರಿಗೆ ಹಸಿ ಕಡ್ಡಿ ಕತ್ತರಿಸಿ ರಸಮೇವು ಮಾಡಿಡುವ ಅನುಕೂಲ ಇದೆ. ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಯಲ್ಲಿ ಹಿಪ್ಪುನೇರಳೆ ಕಡ್ಡಿ, ಉಳಿದ ಸೊಪ್ಪು ಸಿಗುತ್ತದೆ. ಹುಳುವಿನ ಹಾಸಿಗೆಗೆ ಉದುರಿಸಿದ ಸುಣ್ಣ, ಸೋಂಕು ನಿವಾರಕ ಪುಡಿ ತಾಗಿದ ಸೊಪ್ಪನ್ನು ಮಾತ್ರ ಗೊಂತಿಗೆ ಹಾಕಬಾರದು. ಎರಡೂ ಇಲ್ಲದ ಖುಷ್ಕಿಯವರು ಮೊದಲು ಮೇವು ಬೆಳೆದು, ಆಮೇಲೆ ಹಸು ತರಬೇಕು. ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಸಲ ಹೋಗಿ ಬಾ. ನಿನ್ನ ನೆಲಕ್ಕೆ ಯಾವ ಮೇವು ಸರಿ ಅಂತ ಅಲ್ಲಿ ಕೇಳಿ ತಿಳಿದುಕೋ.

ಬೆಲೆಯನ್ನು ಬಾಯಿ ಬಿಟ್ಟು, ಎಲ್ಲರ ಎದುರಿಗೆ ಮಾತಾಡು. ಟವಲಿನ ಕೆಳಗೆ ಬೆರಳು ಹಿಡಿದು ಮಾಡುವ ವ್ಯಾಪಾರದಲ್ಲಿ ಹೊಸಬರಿಗೆ ಏನೂ ತಿಳಿಯುವುದಿಲ್ಲ. ಒಪ್ಪಿದ ಮೇಲೆ ಒಂದು ಬಿಳಿ ಹಾಳೆಯಲ್ಲಿ ಓಲೆಯ ನಂಬರು, ಬಣ್ಣ, ಹಲ್ಲು, ಸೂಲು, ಇಂಜೆಕ್ಷನ್ ತಾರೀಖು, ಹೇಳಿದ ಹಾಲು, ಕೊಟ್ಟ ಹಣ ಬರೆಸಿ ಇಬ್ಬರೂ ಸಹಿ ಹಾಕಿ. ಗಬ್ಬ ಇಲ್ಲ ಅಂತ ಕಂಡುಬಂದರೆ ಏನು ಮಾಡುವುದು ಅನ್ನುವುದನ್ನೂ ಅದರಲ್ಲೇ ಬರೆಸು. ಪಶು ಆಸ್ಪತ್ರೆಯಲ್ಲಿ ಹೇಳಿ ಓಲೆಯ ನಂಬರನ್ನು ನಿನ್ನ ಹೆಸರಿಗೆ ಮಾಡಿಸು. ವಿಮೆಯನ್ನು ಮುಂದೂಡಬೇಡ. ಕಿವಿಯ ಓಲೆ ಇಲ್ಲದಿದ್ದರೆ ಪರಿಹಾರವೂ ಇಲ್ಲ ಅನ್ನುವುದು ನೆನಪಿರಲಿ. ಓಲೆ ಬಿದ್ದುಹೋದರೆ ತಕ್ಷಣ ತಿಳಿಸಿ ಹೊಸದು ಹಾಕಿಸು.

ಕರೆತರುವಾಗ ಆತುರ ಬೇಡ. 1978ರ ಪ್ರಾಣಿ ಸಾಗಣೆ ನಿಯಮದ ಪ್ರಕಾರ ಪಶುವೈದ್ಯರ ಪ್ರಮಾಣಪತ್ರ ಬೇಕು, ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬುವಂತಿಲ್ಲ. ಕೊಂಡ ಚೀಟಿ, ಪ್ರಮಾಣಪತ್ರ ಎರಡೂ ಕೈಯಲ್ಲಿರಲಿ. ತಂಪು ಹೊತ್ತಿನಲ್ಲಿ ಹೊರಡಿಸು, ಗಾಡಿಯ ನೆಲಕ್ಕೆ ಮರಳೋ ಹುಲ್ಲೋ ಹಾಸು. ಅವರ ಮನೆಯ ಬೂಸಾ, ಹಿಂಡಿ, ಹುಲ್ಲನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತಂದು, ನಿನ್ನ ಮೇವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಬೆರೆಸು. ಒಂದೇ ದಿನ ಮೇವು ಬದಲಿಸಿದರೆ ಹೊಟ್ಟೆ ಕೆಟ್ಟು ಹಾಲು ಇಳಿಯುತ್ತದೆ. ಮನೆಯಲ್ಲಿ ಬೇರೆ ದನ ಇದ್ದರೆ ಹೊಸದನ್ನು ಮೂರು ನಾಲ್ಕು ವಾರ ಬೇರೆ ಕಟ್ಟು, ಬೇರೆ ಬಕೆಟ್ಟಿನಲ್ಲಿ ನೀರಿಡು, ಅದರ ಕೆಲಸವನ್ನು ಕೊನೆಯಲ್ಲಿ ಮಾಡು. ಜ್ವರ ಬಂದರೆ, ಮೇವು ಬಿಟ್ಟರೆ 1962ಕ್ಕೆ ಫೋನ್ ಮಾಡು. ಪಶು ಸಂಜೀವಿನಿ ಗಾಡಿ ಬಾಗಿಲಿಗೇ ಬರುತ್ತದೆ. ಮಾರಿದ ಮನೆಯವರಿಗೂ ಫೋನ್ ಮಾಡು. ಅದರ ಅಭ್ಯಾಸ ಅವರಷ್ಟು ಬಲ್ಲವರು ಬೇರೆ ಇಲ್ಲ.

ಕೊನೆಯದಾಗಿ ಒಂದು ಮಾತು. ಇವತ್ತು ನೀನು ಕೊಳ್ಳುವವಳು. ಆ ಹಸು ಹೆಣ್ಣು ಕರು ಹಾಕಿದ ದಿನದಿಂದ ನೀನೂ ಸಾಕಣೆದಾರಳೇ, ಮೂರು ವರ್ಷ ಕಳೆದರೆ ಮಾರುವವಳೂ ಆಗುತ್ತೀಯ. ಆದ್ದರಿಂದ ಹಸುವಿನ ಹಗ್ಗದ ಜೊತೆಗೇ ಒಂದು ನೋಟ್‌ಬುಕ್ಕನ್ನೂ ಕೊಂಡುಕೋ. ಕರು ಹುಟ್ಟಿದ ತಾರೀಖು, ಹೋರಿಯ ನಂಬರು, ಹಾಕಿಸಿದ ಲಸಿಕೆ, ಬಂದ ಕಾಯಿಲೆ, ಬೆದೆಗೆ ಬಂದ ದಿನ ಎಲ್ಲವನ್ನೂ ಬರೆ. ಒಳ್ಳೆಯದನ್ನೂ ಬರೆ, ಕೆಟ್ಟದ್ದನ್ನೂ ಬರೆ. ನಿನ್ನ ಹಾಗೆಯೇ ಸಾಲ ಮಾಡಿಕೊಂಡು ಮೊದಲ ಹಸು ಹುಡುಕುತ್ತಾ ಯಾರಾದರೂ ನಿನ್ನ ಬಾಗಿಲಿಗೆ ಬಂದಾಗ ಆ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಕರುಗಳ ಹತ್ತಿರ ಕರೆದುಕೊಂಡು ಹೋಗು. ನಮ್ಮ ಸೀಮೆಯ ಹಸುವಿಗೆ ಇರುವ ಹೆಸರು ಉಳಿಯಬೇಕಾದರೆ ಇಂಥ ಮನೆಗಳು ಹೆಚ್ಚಬೇಕು. ನಿನ್ನದೂ ಅವುಗಳಲ್ಲಿ ಒಂದಾಗಲಿ.